ಗಾರ್ಮೆಂಟ್ಸ್ ಹೆಣ್ಮಕ್ಕಳಿಗೆ ಡಾಕ್ಯುಮೆಂಟರಿ ತೋರ್ಸೋದು ಹೇಗೆ?

'ಮೇಡ್ ಇನ್ ಎಲ್.ಎ.' ಅಂತ 2007ರ ಒಂದು ಡಾಕ್ಯುಮೆಂಟರಿ ಇದೆ. ಮೆಕ್ಸಿಕೊ, ಎಲ್ ಸಾಲ್ವಡಾರ್‌ನಿಂದ ಲಾಸ್ ಏಂಜಲೀಸ್‌ಗೆ ಬಂದು ಬಟ್ಟೆ ಹೊಲಿಯೋ ಮೂವರು ಹೆಂಗಸರು ಒಂದು ದೊಡ್ಡ ಬ್ರ್ಯಾಂಡ್ ಮೇಲೆ ಕೇಸ್ ಹಾಕಿ, ಬಾಯ್ಕಾಟ್ ಮಾಡಿ, 2004ರಲ್ಲಿ ರಾಜಿ ಆಗೋ ತನಕ ಪಟ್ಟು ಬಿಡದೆ ನಿಂತ ಕಥೆ. ಎಮ್ಮಿ ಅವಾರ್ಡ್ ಬಂತು ನಿಜ, ಆದ್ರೆ ಅದನ್ನ ಚರ್ಚು, ಯೂನಿಯನ್, ಕಾಲೇಜು ಅಂತ ಎಲ್ಲಾ ಕಡೆ ತೋರ್ಸಿ ಜನರನ್ನ ಕೂರ್ಸಿ ಮಾತಾಡ್ಸಿದ್ರಲ್ಲ, ನನಗೆ ಅದೇ ದೊಡ್ಡದು ಅನ್ಸುತ್ತೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆ ಹಾಸ್ಟೆಲ್‌ಗಳಲ್ಲಿರೋ ಒಡಿಶಾ, ಜಾರ್ಖಂಡ್ ಹುಡುಗೀರಿಗೂ ಹೀಗೇ ಮಾಡ್ಬಹುದು.

ಮೊದಲು ಯೂನಿಯನ್‌ನವರನ್ನ ಹಿಡೀರಿ, ಯಾವ ಹಾಸ್ಟೆಲ್‌ನವರು ಹೊರಗೆ ಬರೋಕೆ ಆಗುತ್ತೆ ಅಂತ ಅವ್ರಿಗೇ ಗೊತ್ತಿರೋದು. ಸಿನಿಮಾ ಮಾಡಿದೋರಿಗೆ ಒಂದು ಮೇಲ್ ಹಾಕಿ ತೋರ್ಸೋಕೆ ಪರ್ಮಿಷನ್ ತಗೊಳಿ. ಭಾನುವಾರ ಮಧ್ಯಾಹ್ನವೇ ಇಟ್ಕೊಳಿ, ಬೆಳಿಗ್ಗೆ ಎಲ್ರೂ ಬಟ್ಟೆ ಒಗೀತಿರ್ತಾರೆ. ಜಾಗ ಫ್ಯಾಕ್ಟರಿಯಿಂದ ದೂರ ಇರ್ಲಿ.

ಭಾಷೆ ವಿಷ್ಯದಲ್ಲಿ ಉದಾಸೀನ ಬೇಡ. ಆ ಸಿನಿಮಾದ ಮಾತು ಹೆಚ್ಚಾಗಿ ಸ್ಪ್ಯಾನಿಷ್, ಸಬ್‌ಟೈಟಲ್ ಇಂಗ್ಲಿಷ್, ನಮ್ಮ ಹುಡುಗೀರಿಗೆ ಎರಡೂ ಬರಲ್ಲ. ಒಡಿಯಾ, ಹಿಂದಿ ಚೆನ್ನಾಗಿ ಬರೋ ಒಬ್ಬರು ಮೈಕ್ ಹಿಡ್ಕೊಂಡು, ಹತ್ತು ನಿಮಿಷಕ್ಕೊಮ್ಮೆ ನಿಲ್ಸಿ ಕಥೆ ಹೇಳ್ಬೇಕು.

ಫೋಟೋ ಮಾತ್ರ ಬೇಡವೇ ಬೇಡ. ನಾವು ಮೊದಲ ಸಲ ತೋರ್ಸಿದಾಗ ಯಾರೋ ಒಬ್ರು ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ಬಿಟ್ರು, ಸೋಮವಾರ ಲೈನ್ ಸೂಪರ್‌ವೈಸರ್ ಇಬ್ಬರು ಹುಡುಗೀರನ್ನ ಪಕ್ಕಕ್ಕೆ ಕರೆದು ನಿನ್ನೆ ಎಲ್ಲಿ ಹೋಗಿದ್ರಿ ಅಂತ ಕೇಳಿದ್ನಂತೆ, ನನಗೆ ಇವತ್ತಿಗೂ ಅದು ನೆನಪಾದ್ರೆ ಹೊಟ್ಟೆ ಸಂಕಟ ಆಗುತ್ತೆ. ಈಗ ಬಾಗಿಲಲ್ಲೇ ಹೇಳಿಬಿಡ್ತೀವಿ.

ಸಿನಿಮಾ ಮುಗಿದ ತಕ್ಷಣ ಭಾಷಣ ಶುರು ಮಾಡ್ಬೇಡಿ. ಟೀ ಕೊಡಿ, ಗುಂಡಾಗಿ ಕೂರ್ಸಿ, "ನಿಮ್ಮ ಲೈನಲ್ಲಿ ಟಾರ್ಗೆಟ್ ಎಷ್ಟು?" ಅಂತ ಒಂದೇ ಪ್ರಶ್ನೆ ಕೇಳಿ, ಆಮೇಲೆ ನೀವು ಸುಮ್ನಿರಿ. ಒಬ್ಬಳು ಹುಡುಗಿ ಏನೂ ಮಾತಾಡ್ದೆ ಫೋನ್ ಕವರ್ ಹಿಂದಿಂದ ನಾಲ್ಕು ಮಡಿಕೆ ಮಾಡಿದ ಪೇಸ್ಲಿಪ್ ತೆಗೆದು ನನ್ನ ಕೈಗಿಟ್ಲು, ಮಡಿಕೆಯಲ್ಲಿ ಅಕ್ಷರ ಅಳಿಸಿಹೋಗಿತ್ತು, ಪಿಎಫ್ ಕಟ್ ಆಗಿದ್ದು ಮಾತ್ರ ಕಾಣ್ತಿತ್ತು.

ಅದಕ್ಕೇ ಒಬ್ಬ ಲಾಯರೋ ಯೂನಿಯನ್ ಅಕ್ಕನೋ ಅಲ್ಲೇ ಇರ್ಬೇಕು. ಪಿಎಫ್‌ನ ಯುಎಎನ್ ನಂಬರ್ ಹಾಕಿ ಸರ್ಕಾರದ ಉಮಂಗ್ ಆ್ಯಪಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು, ಸಂಬಳದಲ್ಲಿ ಹಿಡಿದ ದುಡ್ಡು ಖಾತೆಗೆ ಬಿದ್ದಿದೆಯಾ ಅಂತ ಅವ್ರ ಕೈಯಲ್ಲೇ ನೋಡ್ಸಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ಪೂರ್ತಿ ತೆಗೆಯೋಕೆ 58 ವರ್ಷದ ತನಕ ಕಾಯ್ಬೇಕು ಅನ್ನೋ ಹೊಸ ರೂಲ್ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರೋಡಿಗಿಳಿದು ಕೇಂದ್ರ ಸರ್ಕಾರ ಅದನ್ನ ವಾಪಸ್ ತಗೊಳೋ ಹಾಗೆ ಮಾಡಿದ್ರು, ಹೊಸಬರಿಗೆ ಆ ಕಥೆನೂ ಹೇಳಿ.

ಹೋಗೋವಾಗ ಒಪ್ಪಿದೋರ ನಂಬರ್ ಮಾತ್ರ ಬರ್ಕೊಳಿ, ಮುಂದಿನ ಭಾನುವಾರ ನೀವೇ ಫೋನ್ ಮಾಡಿ.