ಹತ್ತು ಪಟ್ಟು ಪೊಟ್ಯಾಸಿಯಂ, ಮೂರು ದಿನ ಮೌನ

ಪಿಎಚ್‌ಡಿ ಎರಡನೇ ವರ್ಷದ ಮಾತು. ಇಲಿ ಮಿದುಳಿನ ಹಿಪ್ಪೋಕ್ಯಾಂಪಸ್ ಅನ್ನೋ ಭಾಗದ 300 ಮೈಕ್ರಾನ್ ದಪ್ಪದ ಸ್ಲೈಸ್ ಕೊಯ್ದು ಪ್ಯಾಚ್ ಕ್ಲ್ಯಾಂಪ್ ಮಾಡ್ತಿದ್ದೆ. ಗೊತ್ತಿಲ್ದೋರಿಗೆ ಹೇಳ್ತೀನಿ, ಒಂದೆರಡು ಮೈಕ್ರಾನ್ ತುದಿಯ ಗಾಜಿನ ಪಿಪೆಟ್ಟನ್ನ ಮೈಕ್ರೋಸ್ಕೋಪ್ ನೋಡ್ಕೊಂಡೇ ನರಕೋಶದ ಹತ್ರ ಇಳಿಸ್ಬೇಕು, ಒಳಗಿಂದ ಸ್ವಲ್ಪ ಒತ್ತಡ ಕೊಡ್ತಾನೇ ಇರ್ಬೇಕು, ಕೋಶದ ಮೇಲೆ ಸಣ್ಣ ಗುಳಿ ಕಾಣಿಸಿದ ತಕ್ಷಣ ಒತ್ತಡ ಬಿಟ್ಟು ಟ್ಯೂಬಲ್ಲಿ ಬಾಯಿಂದ ಮೆಲ್ಲಗೆ ಎಳೆದ್ರೆ ಪೊರೆ ಗಾಜಿಗೆ ಅಂಟ್ಕೊಂಡು ರೆಸಿಸ್ಟೆನ್ಸ್ ಗಿಗಾಓಮ್ ದಾಟತ್ತೆ. ಇನ್ನೊಂದ್ಸಲ ಎಳೆದ್ರೆ ಪೊರೆ ಒಡೆದು ಕೋಶದೊಳಗಿನ ವೋಲ್ಟೇಜ್ ಸ್ಕ್ರೀನಿಗೆ ಬರತ್ತೆ. ನೇಹರ್ ಮತ್ತು ಸಾಕ್‌ಮನ್ 1976ರಲ್ಲಿ ಶುರು ಮಾಡಿದ ವಿದ್ಯೆ, 1991ರಲ್ಲಿ ನೊಬೆಲ್ ಸಿಕ್ತು. ನಂಗೆ ಕೈ ಕೂರೋಕೇ ಆರು ತಿಂಗಳು ಬೇಕಾಯ್ತು.

ಆರೋಗ್ಯವಾಗಿರೋ ಕೋಶ ಸುಮ್ನಿದ್ದಾಗ ಒಳಗೆ −65, −70 ಮಿಲಿವೋಲ್ಟ್ ತೋರಿಸ್ಬೇಕು. ಆ ಸೋಮವಾರ −38 ತೋರಿಸ್ತು. ಸರಿ, ಕೋಶ ಸತ್ತಿದೆ ಅಂದ್ಕೊಂಡು ಇನ್ನೊಂದಕ್ಕೆ ಹೋದೆ, ಅದೂ −38. ಕರೆಂಟ್ ಕೊಟ್ಟು ತಳ್ಳಿದ್ರೂ ಒಂದು ಸ್ಪೈಕ್, ಅಂದ್ರೆ ನರಕೋಶ ಸಂದೇಶ ಕಳಿಸುವಾಗ ವೋಲ್ಟೇಜ್ ಸರ್ರಂತ ಏರಿ ಇಳಿಯೋದು, ಬರ್ಲಿಲ್ಲ. ತಮಾಷೆ ಅಂದ್ರೆ ಕೋಶಗಳು ನೋಡೋಕೆ ಚೆನ್ನಾಗೇ ಇದ್ವು, ಪೊರೆ ಗಾಜಿಗೆ ಅಂಟೋ ಸೀಲ್ ಕೂಡ ಚೆನ್ನಾಗೇ ಆಗ್ತಿತ್ತು. ವೋಲ್ಟೇಜನ್ನ −70ಕ್ಕೆ ಹಿಡಿದು ನೋಡಿದ್ರೆ ಸ್ಕ್ರೀನಿನ ಗೆರೆ ತುಂಬಾ ಸಣ್ಣ ಸಣ್ಣ ಕರೆಂಟುಗಳು, ಮಳೆ ಹನಿ ಬಿದ್ದಂಗೆ ಒಂದರ ಮೇಲೊಂದು. ಸತ್ತ ಸ್ಲೈಸಲ್ಲಿ ಇಷ್ಟೊಂದು ಗಲಾಟೆ ಯಾಕೆ ಅಂತ ಅವತ್ತೇ ಯೋಚ್ನೆ ಮಾಡ್ಬೇಕಿತ್ತು, ಮಾಡ್ಲಿಲ್ಲ. ಮೂರು ದಿನ ಬ್ಲೇಡ್ ಬದಲಾಯಿಸಿದೆ, ಪಿಪೆಟ್ಟೊಳಗಿನ ಬೆಳ್ಳಿ ತಂತಿಗೆ ಹೊಸದಾಗಿ ಕ್ಲೋರೈಡ್ ಹಿಡಿಸಿದೆ, ಆಂಪ್ಲಿಫಯರ್‌ನ ಬೈದೆ.

ಬುಧವಾರ ಸಂಜೆ ಸೀನಿಯರ್ ಒಬ್ರು ಹಿಂದೆ ನಿಂತು ನೋಡಿ "ಆಸ್ಮೋಲಾರಿಟಿ ನೋಡಿದ್ಯೇನೋ?" ಅಂದ್ರು. ಸ್ಲೈಸ್ ಮುಳುಗಿಸಿಡೋ ಉಪ್ಪುನೀರಿನ ದ್ರಾವಣದಲ್ಲಿ ಒಟ್ಟು ಎಷ್ಟು ಕಣ ಕರಗಿವೆ ಅನ್ನೋ ಅಳತೆ ಅದು. ನೋಡಿರ್ಲಿಲ್ಲ. 300 ಇರ್ಬೇಕಾದ ಕಡೆ 345. ನೋಟ್‌ಬುಕ್ ತೆಗೆದ್ರೆ ಸಿಕ್ತು: ಲೀಟರಿಗೆ 0.186 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಹಾಕ್ಬೇಕಿತ್ತು, ನಾನು ಪಕ್ಕದ ಕಾಲಂನ ಹತ್ತು ಪಟ್ಟು ಸ್ಟಾಕಿನ ಅಳತೆ ಓದಿ 1.86 ಹಾಕಿದ್ದೆ. 2.5 ಮಿಲಿಮೋಲಾರ್ ಇರ್ಬೇಕಾದ್ದು 25 ಆಗಿತ್ತು, ಅದೇ ದೊಡ್ಡ ಬಾಟಲಿಂದ ಮೂರು ದಿನವೂ ಬಗ್ಗಿಸ್ಕೊಂಡಿದ್ದೆ.

ಅಲ್ಲಿವರೆಗೂ ನನ್ನ ತಲೇಲಿ ಇದ್ದಿದ್ದು, ನರಕೋಶದ ಚಾರ್ಜ್ ಅಂದ್ರೆ ಪೊರೆಲಿರೋ ಪಂಪ್ ಅಂತ. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಕೋಶದ ಇಂಧನವಾದ ಎಟಿಪಿ ಒಂದು ಖರ್ಚು, ಪರೀಕ್ಷೆಲಿ ಎಷ್ಟು ಸಲ ಬರ್ದಿದೀನೋ. ಡೆನ್ಮಾರ್ಕಿನ ವಿಜ್ಞಾನಿ ಸ್ಕೌ 1957ರಲ್ಲಿ ಏಡಿ ನರದಲ್ಲಿ ಕಂಡುಹಿಡಿದಿದ್ದು. ಆದ್ರೆ ಪಂಪ್ ನೇರವಾಗಿ ಕೊಡೋ ವೋಲ್ಟೇಜ್ ಬರೀ ಕೆಲವೇ ಮಿಲಿವೋಲ್ಟ್, ಅದರ ಕೆಲಸ ಟ್ಯಾಂಕ್ ತುಂಬಿಸಿಡೋದು. ಒಳಗೆ ಪೊಟ್ಯಾಸಿಯಂ 140 ಮಿಲಿಮೋಲಾರ್, ಹೊರಗೆ 2.5, ಪೊರೆಲಿ ಯಾವಾಗ್ಲೂ ತೆರೆದಿರೋ ಪೊಟ್ಯಾಸಿಯಂ ಚಾನೆಲ್ಲುಗಳು, ಅಂದ್ರೆ ಸಣ್ಣ ಬಾಗಿಲುಗಳು. ಪ್ಲಸ್ ಚಾರ್ಜಿನ ಪೊಟ್ಯಾಸಿಯಂ ಹೊರಗೆ ಸೋರತ್ತೆ, ಒಳಗೆ ಮೈನಸ್ ಉಳಿಯತ್ತೆ, ಆ ಮೈನಸ್ಸೇ ಮುಂದೆ ಸೋರೋದನ್ನ ಹಿಡಿದು ನಿಲ್ಲಿಸತ್ತೆ. ರೂಮ್ ಟೆಂಪರೇಚರಲ್ಲಿ ಒಳಗೆ ಹೊರಗೆ ಹತ್ತು ಪಟ್ಟು ವ್ಯತ್ಯಾಸಕ್ಕೆ 58 ಮಿಲಿವೋಲ್ಟ್. ಸರಿಯಾದ ದ್ರಾವಣಕ್ಕೆ ಲೆಕ್ಕ ಹಾಕಿದ್ರೆ −101 ಬರತ್ತೆ, ಸ್ವಲ್ಪ ಸೋಡಿಯಂ ಒಳಗೆ ಸೋರೋದ್ರಿಂದ ಕೋಶ −67ರ ಹತ್ರ ನಿಲ್ಲತ್ತೆ. ನನ್ನ ದ್ರಾವಣಕ್ಕೆ −43. ಕೋಶ ತೋರಿಸಿದ −38ರಲ್ಲಿ ಏನೂ ತಪ್ಪಿರ್ಲಿಲ್ಲ, ಪಾಪ ಅದು ಸತ್ಯವೇ ಹೇಳ್ತಿತ್ತು.

ಸ್ಪೈಕ್ ಬರ್ದಿದ್ದೂ ಅದಕ್ಕೇ. ಸ್ಪೈಕ್ ಹುಟ್ಟಿಸೋ ಸೋಡಿಯಂ ಚಾನೆಲ್ ಒಂದ್ಸಲ ತೆರೆದು ತಾನೇ ಲಾಕ್ ಆಗತ್ತೆ, ಲಾಕ್ ಬಿಡ್ಬೇಕಂದ್ರೆ ವೋಲ್ಟೇಜ್ ಮತ್ತೆ ಕೆಳಗೆ ಇಳೀಬೇಕು. −38ರಲ್ಲೇ ಕೂತ್ರೆ ಬಹುಪಾಲು ಲಾಕ್ ಆಗೇ ಇರ್ತವೆ, ಎಷ್ಟು ಕರೆಂಟ್ ತಳ್ಳಿದ್ರೂ ಅಷ್ಟೇ. ಆ ಮಳೆ ಹನಿ ಗಲಾಟೆ ಇನ್ನೂ ಚಂದದ್ದು: ನನ್ನ ಕೋಶಕ್ಕೆ ತಗುಲ್ಕೊಂಡಿರೋ ಬೇರೆ ಕೋಶಗಳ ತುದಿಗಳೂ ಅದೇ ಪೊಟ್ಯಾಸಿಯಂನಲ್ಲಿ ಮುಳುಗಿದ್ವಲ್ಲ, ಅವುಗಳ ವೋಲ್ಟೇಜೂ ಏರಿ ಕ್ಯಾಲ್ಸಿಯಂ ಚಾನೆಲ್ ತೆರೆದು, ಕ್ಯಾಲ್ಸಿಯಂ ಒಳಗೆ ನುಗ್ಗಿ, ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯೋ ಗ್ಲುಟಮೇಟ್ ತುಂಬಿದ ಸಣ್ಣ ಚೀಲಗಳು ಒಂದೊಂದಾಗಿ ಒಡೀತಾ ಇದ್ವು. ಹೇಳೋಕೆ ಸುದ್ದಿನೇ ಇಲ್ಲ, ಆದ್ರೂ ಎಲ್ರೂ ಒಟ್ಟಿಗೆ ಕೂಗ್ತಿದಾರೆ.

ಗುರುವಾರ ಹೊಸ ದ್ರಾವಣ ಮಾಡಿದೆ, ಆದ್ರೆ ಹಳೇದನ್ನ ಚೆಲ್ಲಲಿಲ್ಲ. ಬೇಕಂತಲೇ ಹಳೇದ್ರಲ್ಲೇ ಒಂದು ಕೋಶ ಹಿಡಿದೆ. −38. ದ್ರಾವಣ ಹರಿಸೋ ಟ್ಯೂಬ್ ಎತ್ತಿ ಹೊಸ ಬಾಟಲಿಗೆ ಹಾಕಿ ಕಾದೆ. ಎರಡು ನಿಮಿಷ ಏನಿಲ್ಲ. ಆಮೇಲೆ −41, −47, −55, ಗೆರೆ ನಿಧಾನಕ್ಕೆ ಜಾರ್ತಾ ಬಂತು, ಹನಿಗಳು ವಿರಳ ಆದ್ವು, −66ಕ್ಕೆ ಬಂದು ನಿಂತ್ಕೊಂಡ್ತು. 100 ಪಿಕೋಆಂಪ್ ಕೊಟ್ಟೆ. ಗೆರೆ ಮೇಲೆ ಹತ್ತಿ −45 ದಾಟಿದ್ದೇ ತಡ, ಸೊಯ್ಯಂತ +35ಕ್ಕೆ ಹೋಗಿ ವಾಪಸ್, ಎಲ್ಲಾ ಸೇರಿ ಎರಡು ಮಿಲಿಸೆಕೆಂಡ್. ಸೀನಿಯರ್‌ನ ಕೂಗಿ ಕರೆದೆ, ಅವರು ಊಟಕ್ಕೆ ಹೋಗಿದ್ರು.