ಚಂದ್ರನ ಕಥೆ ಓದಿಸಿದ ಮೇಲೆ ಲೆಕ್ಕಕ್ಕೆ ಕೂರಿಸಿ

ಚಂದ್ರನ ಮೇಲಿನ ವೈಜ್ಞಾನಿಕ ಕಥೆ ಮಕ್ಕಳ ಕೈಗೆ ಕೊಟ್ಟರೆ ಅರ್ಧ ಕೆಲಸ ಆದಂತೆ. ಓದಿ ಮುಗಿಸಿದ ಮೇಲೆ ಒಂದೇ ಒಂದು ದೃಶ್ಯ ಆರಿಸಿ, 'ಇದು ನಿಜಕ್ಕೂ ಆಗುತ್ತಾ?' ಅಂತ ಕೇಳಿ. ಓದುವಾಗಲೇ ತಪ್ಪು ತೋರಿಸೋಕೆ ಹೋಗಬೇಡಿ, ಪುಸ್ತಕ ಮುಚ್ಚಿಬಿಡ್ತಾರೆ.

ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1865ರ ಕಾದಂಬರಿಯಲ್ಲಿ 900 ಅಡಿಯ ಫಿರಂಗಿಯಿಂದ ಮೂವರನ್ನು ಚಂದ್ರನತ್ತ ಹಾರಿಸ್ತಾನೆ. ಪ್ರೌಢಶಾಲೆಯವರಿಗೆ ಇದಕ್ಕಿಂತ ರುಚಿಯಾದ ಲೆಕ್ಕ ಸಿಗೋದು ಕಷ್ಟ. ವೇಗ ಸೆಕೆಂಡಿಗೆ ಸುಮಾರು 11,000 ಮೀಟರ್, ನಳಿಗೆ 274 ಮೀಟರ್. ವೇಗದ ವರ್ಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷ (ವೇಗ ಏರುವ ದರ) ಬರುತ್ತೆ: ಭೂಮಿಯ ಗುರುತ್ವದ ಸುಮಾರು 22,500 ಪಟ್ಟು! ಒಳಗಿದ್ದವರು ಅಪ್ಪಚ್ಚಿ. ಎಡವೋದು ಅಡಿಯನ್ನು ಮೀಟರಿಗೆ ತರಲು ಮರೆತಾಗ. ಉತ್ತರ ಸರಿಯಾದದ್ದರ ಮೂರನೇ ಒಂದಕ್ಕಿಂತ ಕಡಿಮೆಯಾಗುತ್ತೆ. 'ಹಾಗಾದ್ರೆ ವೇಗವನ್ನು ನಿಧಾನಕ್ಕೆ ಏರಿಸೋದು ಹೇಗೆ?' ಅನ್ನೋ ಪ್ರಶ್ನೆ ಅವರ ಬಾಯಿಂದಲೇ ಬರಲಿ, ಅಲ್ಲಿಂದ ರಾಕೆಟ್ಟಿನ ಪಾಠ ಶುರು ಮಾಡಿ. (ರಾಕೆಟ್ ವಿಜ್ಞಾನಕ್ಕೆ ಬುನಾದಿ ಹಾಕಿದ ಸಿಯೋಲ್ಕೊವ್‌ಸ್ಕಿ, ಓಬರ್ತ್ ಇಬ್ಬರಿಗೂ ಹುಚ್ಚು ಹಿಡಿಸಿದ್ದು ಇದೇ ವರ್ನ್.)

ಚಿಕ್ಕವರಿಗೆ ಬಾಸ್ಕೆಟ್‌ಬಾಲ್ ಭೂಮಿ, ಟೆನಿಸ್ ಚೆಂಡು ಚಂದ್ರ. ನಡುವಿನ ದೂರ ಎಷ್ಟಿರಬೇಕು ಅಂತ ಅವರೇ ಇಟ್ಟು ತೋರಿಸಲಿ. ಸಾಮಾನ್ಯವಾಗಿ ತೀರಾ ಹತ್ತಿರ ಇಡ್ತಾರೆ, ಏಕೆಂದರೆ ಪಠ್ಯದ ಚಿತ್ರಗಳು ಹಾಗೇ ಇರೋದು. ಆಮೇಲೆ ಟೇಪು ಹಿಡಿಸಿ: 7 ಮೀಟರ್ 20 ಸೆಂಟಿಮೀಟರ್, ಅಂದರೆ 30 ಬಾಸ್ಕೆಟ್‌ಬಾಲ್ ಸಾಲಾಗಿ ಇಟ್ಟಷ್ಟು. ಸಣ್ಣ ಕೋಣೆಯಾದರೆ ಚಂದ್ರ ಬಾಗಿಲಾಚೆ ಹೋಗ್ತಾನೆ. ಹೋಗಲಿ ಬಿಡಿ, ಮಕ್ಕಳಿಗೆ ದೂರ ಮನಸ್ಸಿಗೆ ನಾಟೋದೇ ಆಗ.