ವಿವಾದದ ನೆಲಕ್ಕೆ ಯಾವ ಡೊಮೇನ್? ಹೀಗೆ ಹುಡುಕಿ

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುವವರೇ, ದೇಶಗಳ ಇಂಟರ್ನೆಟ್ ಕೋಡ್‌ಗಳನ್ನು, ಅಂದರೆ ವೆಬ್ ವಿಳಾಸದ ಕೊನೆಯಲ್ಲಿ ಬರುವ ಎರಡಕ್ಷರದ ಡೊಮೇನ್‌ಗಳನ್ನು, ಸುಮ್ನೆ ಬಾಯಿಪಾಠ ಮಾಡಬೇಡಿ. ಭಾರತಕ್ಕೆ ಡಾಟ್ ಐಎನ್, ನೇಪಾಳಕ್ಕೆ ಡಾಟ್ ಎನ್‌ಪಿ, ಇದರಲ್ಲಿ ತಕರಾರಿಲ್ಲ. ಕೊಸೊವೊ, ಪಶ್ಚಿಮ ಸಹಾರಾ ಬಂದರೆ ಮಾತ್ರ ಒಂದು ನೋಟ್ಸ್ ಒಂದು ಹೇಳುತ್ತದೆ, ಇನ್ನೊಂದು ಇನ್ನೊಂದು ಹೇಳುತ್ತದೆ. ಉತ್ತರ ನೀವೇ ಹುಡುಕಬಹುದು, ಎರಡು ಪಟ್ಟಿ ನೋಡಿದರೆ ಸಾಕು.

ಮೊದಲು ಐಎಸ್‌ಒ 3166 ಪಟ್ಟಿ ತೆಗೆಯಿರಿ, ಅದು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ (ಐಎಸ್‌ಒ) ದೇಶ-ಪ್ರದೇಶಗಳ ಕೋಡ್ ಪಟ್ಟಿ. ಅದರಲ್ಲಿ ಆ ಪ್ರದೇಶಕ್ಕೆ ಎರಡಕ್ಷರದ ಕೋಡ್ ಇದೆಯಾ ನೋಡಿ. ವಿಶ್ವಸಂಸ್ಥೆಯ ಸದಸ್ಯ ಹೌದೋ ಅಲ್ಲವೋ ಅಂತ ನೋಡುತ್ತಾ ಕೂರಬೇಡಿ, ಅದು ಇಲ್ಲಿ ಅಳತೆಗೋಲೇ ಅಲ್ಲ. ತೈವಾನ್ ಸದಸ್ಯ ಅಲ್ಲ, ಪಟ್ಟಿಯಲ್ಲಿ ಅದರ ಹೆಸರು ಇರುವುದೂ 'ಚೀನಾದ ಪ್ರಾಂತ್ಯ' ಅಂತಲೇ, ಆದರೂ ಕೋಡ್ ಬೇರೆ ಇರುವುದರಿಂದ ಡಾಟ್ ಟಿಡಬ್ಲ್ಯೂ ಇದೆ, ಅದನ್ನು ನಡೆಸುವುದೂ ತೈವಾನ್‌ನಲ್ಲಿರುವ ಸಂಸ್ಥೆಯೇ. ಕೊಸೊವೊ 2008ರಲ್ಲಿ ಸ್ವಾತಂತ್ರ್ಯ ಘೋಷಿಸಿತು, ಎಷ್ಟೋ ದೇಶಗಳು ಒಪ್ಪಿಯೂ ಇವೆ. ಆದರೆ ಪಟ್ಟಿಯಲ್ಲಿ ಇಲ್ಲ. ಎಕ್ಸ್‌ಕೆ ಅಂತ ಕಾಣುತ್ತದಲ್ಲ, ಅದು ಬಳಕೆದಾರರು ತಮ್ಮ ಅನುಕೂಲಕ್ಕೆ ಇಟ್ಟುಕೊಳ್ಳಬಹುದಾದ ಕೋಡ್, ಡೊಮೇನ್ ಅಲ್ಲ. ನೋಟ್ಸ್‌ನಲ್ಲಿ ಡಾಟ್ ಎಕ್ಸ್‌ಕೆ ಅಂತ ಇದ್ದರೆ ಹೊಡೆದು ಹಾಕಿ.

ಕೋಡ್ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಡೊಮೇನ್‌ಗಳನ್ನು ಯಾರು ನಡೆಸಬೇಕು ಅಂತ ವಹಿಸಿಕೊಡುವ ಐಎಎನ್‌ಎ ಸಂಸ್ಥೆಯ ರೂಟ್ ಝೋನ್ ಡೇಟಾಬೇಸ್, ಅಂದರೆ ಅಂಥ ಡೊಮೇನ್‌ಗಳ ಪಟ್ಟಿ, ತೆರೆದು, ಆ ಎರಡಕ್ಷರದ ಮುಂದೆ ಯಾರ ಹೆಸರಿದೆ ಅಂತ ನೋಡಿ. ಪಶ್ಚಿಮ ಸಹಾರಾಕ್ಕೆ ಇಹೆಚ್ ಅನ್ನೋ ಕೋಡ್ ಐಎಸ್‌ಒದಲ್ಲಿ ಇದೆ. ಇಲ್ಲಿ ನೋಡಿದರೆ ಆ ಸಾಲಿನ ಮುಂದೆ ಯಾರಿಗೂ ವಹಿಸಿಲ್ಲ ಅಂತ ಇದೆ. ಮೊರಾಕ್ಕೊ ಕಡೆಯವರೂ ಕೇಳಿದರು, ಆ ನೆಲದ ಸ್ವಾತಂತ್ರ್ಯ ಬಯಸುವ ಸಹ್ರಾವಿಗಳ ಕಡೆಯವರೂ ಕೇಳಿದರು, ಇಬ್ಬರಲ್ಲಿ ಒಬ್ಬರನ್ನು ಆರಿಸಲು ಐಎಎನ್‌ಎ ಒಪ್ಪಲಿಲ್ಲ. ಆದ್ದರಿಂದ ಸರಿ ಉತ್ತರ: ಕೋಡ್ ಉಂಟು, ನಡೆಯುವ ಡೊಮೇನ್ ಇಲ್ಲ. ಪ್ಯಾಲೆಸ್ಟೈನ್‌ನದು ಬೇರೆ ಕತೆ. 1999ರಲ್ಲಿ ಪಿಎಸ್ ಕೋಡ್ ಬಂತು, 2000ದಲ್ಲಿ ಡಾಟ್ ಪಿಎಸ್ ಕೊಟ್ಟೂ ಆಯಿತು.

ಯಾಕೆ ಹೀಗೆ ಎರಡು ಕಡೆ ಅಲೆಯಬೇಕು? 1994ರಲ್ಲೇ, ಆಗ ಐಎಎನ್‌ಎ ನೋಡಿಕೊಳ್ಳುತ್ತಿದ್ದ ಜಾನ್ ಪೋಸ್ಟೆಲ್ ಬರೆದಿಟ್ಟರು, ಯಾವುದು ದೇಶ ಯಾವುದು ಅಲ್ಲ ಅಂತ ತೀರ್ಮಾನಿಸುವುದು ಐಎಎನ್‌ಎ ಕೆಲಸ ಅಲ್ಲ ಅಂತ. ಅದಕ್ಕೇ ಆ ಭಾರವನ್ನು ಐಎಸ್‌ಒ ಪಟ್ಟಿಗೆ ಬಿಟ್ಟಿದ್ದಾರೆ. ನನ್ನ ಪ್ರಕಾರ ಇದು ಒಳ್ಳೆಯ ನಿರ್ಧಾರ. ಇಲ್ಲದಿದ್ದರೆ ಒಂದೊಂದು ಡೊಮೇನಿಗೂ ಒಂದೊಂದು ಜಗಳ ಆಗುತ್ತಿತ್ತು.

ಎರಡೂ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿನ ಜನ ಯಾವ ವಿಳಾಸ ಬಳಸುತ್ತಿದ್ದಾರೆ ಅಂತ ನೋಡಿ, ಆದರೆ ಅದನ್ನು ಆ ಪ್ರದೇಶದ ಕೋಡ್ ಅಂತ ಬರೆಯಬೇಡಿ. ಉತ್ತರ ಸೈಪ್ರಸ್ ಸರ್ಕಾರದ ಸೈಟ್‌ಗಳು ಟರ್ಕಿಯ ಡಾಟ್ ಟಿಆರ್ ಕೆಳಗೆ ನಡೆಯುತ್ತವೆ. ರಷ್ಯಾ ವಶದಲ್ಲಿರುವ ಕ್ರೈಮಿಯಾದಲ್ಲಿ ಉಕ್ರೇನ್‌ನ ಡಾಟ್ ಯುಎ ಕೂಡ ಸಿಗುತ್ತದೆ, ರಷ್ಯಾದ ಡಾಟ್ ಆರ್‌ಯು ಕೂಡ ಸಿಗುತ್ತದೆ, ಐಎಸ್‌ಒ ಮಾತ್ರ ಅದನ್ನು ಉಕ್ರೇನ್‌ನ ಭಾಗವಾಗಿಯೇ ಪಟ್ಟಿ ಮಾಡಿದೆ. ಇನ್ನು ಒಂದು ದೇಶಕ್ಕೆ ಒಂದೇ ಡೊಮೇನ್ ಅಂತಲೂ ತಿಳಿಯಬೇಡಿ, ನಮಗೆ ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಇದೆ ಅಲ್ವಾ.

ಹುಬ್ಬಳ್ಳಿಯಲ್ಲಿ ಹೊಸ ಕಂಪನಿ ತೆರೆದು ಡಾಟ್ ಐಒ ಹೆಸರು ಕೊಳ್ಳಲು ಹೊರಟವರೂ ಇದೇ ದಾರಿ ಹಿಡಿಯಿರಿ. ಅದು ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ, ಅಂದರೆ ಚಾಗೋಸ್ ದ್ವೀಪಗಳ ಕೋಡ್. ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಬ್ರಿಟನ್ 2025ರ ಮೇನಲ್ಲಿ ಸಹಿ ಹಾಕಿದೆ. ಸಹಿ ಬಿದ್ದ ಮಾತ್ರಕ್ಕೆ ಡೊಮೇನ್ ಹೋಗುವುದಿಲ್ಲ, ಐಒ ಕೋಡನ್ನು ಐಎಸ್‌ಒ ತೆಗೆದರೆ ಆಗ ಅದನ್ನು ಮುಚ್ಚುವ ಪ್ರಕ್ರಿಯೆ ಶುರುವಾಗಬಹುದು. ಯುಗೊಸ್ಲಾವಿಯಾದ ಡಾಟ್ ವೈಯು 2010ರಲ್ಲಿ ಮುಚ್ಚಿದ್ದು ಹಾಗೆಯೇ. ಹಾಗಾಗಿ ಪತ್ರಿಕೆ ಸುದ್ದಿ ನೋಡಿ ಗಾಬರಿಯಾಗಬೇಡಿ, ವರ್ಷದ ಹಣ ಕಟ್ಟುವ ಮುಂಚೆ ಐಎಸ್‌ಒ ಪಟ್ಟಿಯಲ್ಲಿ ಐಒ ಸಾಲು ಇನ್ನೂ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.